ಒಂಬತ್ತನೇ ಕ್ಲಾಸು, ಖೋ-ಖೋ, ಇಳಿದ ಮಾರ್ಕು: ಮಗಳಿಂದ ಎಲ್ಲ ಬಿಡಿಸಬೇಕಾ?

ಪ್ರಶ್ನೆ: ನಾವು ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿದ್ದೇವೆ. ಊರು ಕುಂದಾಪುರದ ಹತ್ತಿರ. ನಮ್ಮ ಯಜಮಾನರು ಮುಂಬಯಿಯ ಫೋರ್ಟಿನಲ್ಲಿ ಕ್ಯಾಂಟೀನ್ ನಡೆಸುತ್ತಾರೆ, ಬೆಳಿಗ್ಗೆ ಹೋದರೆ ರಾತ್ರಿಯೇ ಬರುವುದು. ಮಗಳಿಗೆ 14 ವರ್ಷ, ಒಂಬತ್ತನೇ ಕ್ಲಾಸು. ಶಾಲೆ ಚಿಕ್ಕದು, ಕ್ಲಾಸಿಗೆ ಒಂದೇ ಡಿವಿಜನ್, ಅವಳ ಕ್ಲಾಸಿನಲ್ಲಿ 34 ಮಕ್ಕಳು. ಖೋ-ಖೋ ಟೀಮಿನಲ್ಲೂ ಅವಳೇ, ಸೈನ್ಸ್ ಕ್ಲಬ್ಬಿನಲ್ಲೂ ಅವಳೇ, ಆರ್‌ಎಸ್‌ಪಿಯಲ್ಲೂ (ಶಾಲಾಮಕ್ಕಳ ರಸ್ತೆ ಸುರಕ್ಷಾ ದಳ) ಅವಳೇ. ಇಂಟರ್‌ಮೀಡಿಯೆಟ್ ಡ್ರಾಯಿಂಗ್ ಪರೀಕ್ಷೆಗೂ ಕಟ್ಟಿದ್ದಾಳೆ. ದೀಪಾವಳಿ ಕಳೆದರೆ ಗ್ಯಾದರಿಂಗ್ (ಶಾಲೆಯ ವಾರ್ಷಿಕೋತ್ಸವ) ಡ್ಯಾನ್ಸ್ ಬೇರೆ. ಶಾಲೆ 7.20ರಿಂದ 1 ಗಂಟೆ. ಆಮೇಲೆ ಒಂದೂಕಾಲು ಗಂಟೆಯಿಂದ ಎರಡೂವರೆ ತನಕ ಖೋ-ಖೋ, ಬುಧವಾರ ಶುಕ್ರವಾರ ಅದು ಮುಗಿದ ಮೇಲೆ ಒಂದು ಗಂಟೆ ಸೈನ್ಸ್ ಕ್ಲಬ್. ಸಂಜೆ 5ರಿಂದ 8 ಕ್ಲಾಸಸ್ (ಟ್ಯೂಷನ್), ಭಾನುವಾರ ಬಿಟ್ಟು ದಿನಾ. ಮಲಗುವಾಗ ಮುಕ್ಕಾಲು ಹನ್ನೆರಡು, ಏಳುವುದು ಮುಕ್ಕಾಲು ಆರು. ಯಾವಾಗಲೂ ಸುಸ್ತು ಅನ್ನುತ್ತಾಳೆ. ಹೋದ ವರ್ಷ 84 ಪರ್ಸೆಂಟ್ ಇತ್ತು, ಈ ಸಲದ ಯೂನಿಟ್ ಟೆಸ್ಟಿನಲ್ಲಿ 71. ಗಣಿತದಲ್ಲಿ 20ಕ್ಕೆ 9, ಸೈನ್ಸಿನಲ್ಲಿ 11, ಉಳಿದದ್ದೆಲ್ಲ 16, 17. ನಮ್ಮ ಅತ್ತೆ, ದೊಡ್ಡವಳಾದ ಹುಡುಗಿ ಹೀಗೆ ಓಡಿ ಬಿದ್ದರೆ ಮುಂದೆ ತೊಂದರೆ ಅನ್ನುತ್ತಾರೆ. ಪಿ.ಟಿ. ಸರ್ ಅವಳಿಗೆ, ನೀನಿಲ್ಲದಿದ್ದರೆ ಟೀಮೇ ಇಲ್ಲ ಅಂದಿದ್ದಾರಂತೆ. ಮುಂದಿನ ವರ್ಷ ಹತ್ತನೇ ಕ್ಲಾಸು. ಎಲ್ಲ ಬಿಡಿಸಿಬಿಡಲಾ? ಈ ನಡುವೆ 3,500 ರೂಪಾಯಿಯ ಶೂ ಬೇಕು ಅಂತ ಹಟ ಬೇರೆ.

ಉತ್ತರ: ಅಮ್ಮಾ, ನಿಮ್ಮ ಪತ್ರ ಓದಿ ಮೊದಲು ನನಗೇ ಸ್ವಲ್ಪ ನಾಚಿಕೆಯಾಯಿತು. ಮುಂಬಯಿ ಉಪನಗರದ ಒಂದು ಚಿಕ್ಕ ಶಾಲೆಯಲ್ಲಿ 27 ವರ್ಷ ಪಿ.ಟಿ. ಮೇಷ್ಟ್ರಾಗಿದ್ದವನು ನಾನು. "ನೀನಿಲ್ಲದಿದ್ದರೆ ಟೀಮೇ ಇಲ್ಲ" ಎಂಬ ಮಾತನ್ನು ಎಷ್ಟು ಮಕ್ಕಳಿಗೆ ಹೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಹೇಳುವಾಗ ಅದು ಹೊಗಳಿಕೆ ಅಂತಲೇ ಅಂದುಕೊಂಡಿದ್ದೆ. ಮಗುವಿನ ತಲೆಯ ಮೇಲೆ ಅದು ಅಕ್ಕಿ ಮೂಟೆ ಎಂದು ಗೊತ್ತಾಗಲು ಬಹಳ ಕಾಲ ಹಿಡಿಯಿತು.

ನಿಮ್ಮ ಪತ್ರದಲ್ಲಿ ಮೂರು ಚಿಂತೆ ಸೇರಿ ಒಂದೇ ಗಂಟಾಗಿದೆ. ಮಾರ್ಕು ಬಿತ್ತು, ಅತ್ತೆ ಹೀಗೆ ಅನ್ನುತ್ತಾರೆ, ಬಿಡಿಸಿದರೆ ಶಾಲೆಯವರು ಏನೆನ್ನುತ್ತಾರೋ. ಒಂದೊಂದೇ ಬಿಡಿಸೋಣ.

ಮಾರ್ಕಿನಿಂದಲೇ ಶುರು ಮಾಡುತ್ತೇನೆ. ಯೂನಿಟ್ ಟೆಸ್ಟ್ 20 ಮಾರ್ಕಿನದು. ಅಲ್ಲಿ ಮೂರು ಮಾರ್ಕು ಹೋದರೆ ಆ ವಿಷಯದಲ್ಲಿ 15 ಪರ್ಸೆಂಟ್ ಹೋದಂತೆ ಕಾಣುತ್ತದೆ. ನೀವು ಬರೆದ ಅಂಕಿ ಹಿಡಿದು ನಾನು ಕೂಡಿಸಿ ನೋಡಿದೆ. ಆರು ವಿಷಯ, 120ಕ್ಕೆ 85. ಗಣಿತ ಮತ್ತು ಸೈನ್ಸ್ ಎರಡರಲ್ಲೂ ಉಳಿದ ವಿಷಯಗಳ ಹಾಗೆ 16 ಬಂದಿದ್ದರೆ ಒಟ್ಟು 97, ಅಂದರೆ 81 ಪರ್ಸೆಂಟ್. ಬಿದ್ದದ್ದು ಎರಡೇ ವಿಷಯ. ಆಟದಿಂದಲೇ ಓದು ಕೆಟ್ಟಿದ್ದರೆ ಮರಾಠಿ, ಇತಿಹಾಸವೂ ಕೆಡಬೇಕಿತ್ತು, ಅಲ್ವಾ? ಮಹಾರಾಷ್ಟ್ರ ಬೋರ್ಡಿನಲ್ಲಿ ಒಂಬತ್ತನೇ ಕ್ಲಾಸಿಗೆ ಬಂದ ಕೂಡಲೇ ಗಣಿತ ಎರಡು ಪುಸ್ತಕವಾಗುತ್ತದೆ, ಒಂದು ಬೀಜಗಣಿತ, ಇನ್ನೊಂದು ರೇಖಾಗಣಿತ. ಎಂಟನೇ ಕ್ಲಾಸಿನಲ್ಲಿ ಬಾಯಿಪಾಠದ ಮೇಲೆ 80 ದಾಟಿದ ಮಕ್ಕಳು ಇಲ್ಲಿ ಮುಗ್ಗರಿಸುತ್ತಾರೆ. ಮನೆಯಿಂದ ಹೊರಗೆ ಕಾಲಿಡದ, ಚೆಂಡು ಮುಟ್ಟದ ಮಕ್ಕಳೂ ಮುಗ್ಗರಿಸುತ್ತಾರೆ. ನಾನು ಪ್ರತಿ ಆಗಸ್ಟಿನಲ್ಲೂ ಇದನ್ನು ನೋಡಿದ್ದೇನೆ. ಪ್ರತಿ ಆಗಸ್ಟಿನಲ್ಲೂ ಬೈಗುಳ ತಿನ್ನುವುದು ಮಾತ್ರ ಪಿ.ಟಿ. ಮೇಷ್ಟ್ರು.

ಹಾಗಂತ ತೊಂದರೆಯೇ ಇಲ್ಲ ಅನ್ನುತ್ತಿಲ್ಲ. ಇದೆ. ಆದರೆ ನೀವು ಕೈ ತೋರಿಸುತ್ತಿರುವ ಕಡೆ ಇಲ್ಲ.

ಅವಳ ವಾರದ ಲೆಕ್ಕ ಹಾಕಿ. ಖೋ-ಖೋ ಐದು ದಿನ, ದಿನಕ್ಕೆ ಒಂದೂಕಾಲು ಗಂಟೆ, ವಾರಕ್ಕೆ ಆರೂಕಾಲು. ಸೈನ್ಸ್ ಕ್ಲಬ್ ಎರಡು ಗಂಟೆ. ಡ್ರಾಯಿಂಗಿಗೆ ಒಂದೆರಡು ಗಂಟೆ, ಆರ್‌ಎಸ್‌ಪಿ ಒಂದು ಗಂಟೆ ಅಂತ ಹಿಡಿಯೋಣ. ಎಲ್ಲ ಸೇರಿದರೂ ಹನ್ನೊಂದು ಚಿಲ್ಲರೆ. ಈಗ ಕ್ಲಾಸಸ್: ದಿನಕ್ಕೆ ಮೂರು ಗಂಟೆ, ಆರು ದಿನ. ಹದಿನೆಂಟು. ನಿಮ್ಮ ಮಗಳು ಸೇರಿಕೊಂಡಿರುವ ಎಲ್ಲಕ್ಕಿಂತ ದೊಡ್ಡ ಕ್ಲಬ್ಬು ಅದೇ! ಅದನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಯಾಕೆಂದರೆ ಅದಕ್ಕೆ ಫೀಸು ಕಟ್ಟಿರುತ್ತೇವೆ. ಹದಿನೆಂಟು ಗಂಟೆ ಕೂತೂ ಗಣಿತದಲ್ಲಿ 9 ಬಂದಿದೆ ಅಂದರೆ ಪ್ರಶ್ನೆ ಕೇಳಬೇಕಾದದ್ದು ಕ್ಲಾಸಿನವರನ್ನು. ಅಲ್ಲಿ ಎಷ್ಟು ಮಕ್ಕಳು ಕೂರುತ್ತಾರೆ? ಇವಳ ನೋಟ್‌ಬುಕ್ ಯಾರಾದರೂ ತೆರೆದು ನೋಡುತ್ತಾರಾ? ಅಥವಾ ಬೋರ್ಡಿನಿಂದ ಇಳಿಸಿಕೊಂಡು ಬರುವುದಷ್ಟೇನಾ? ಭಾಷೆ, ಇತಿಹಾಸಕ್ಕೆಲ್ಲ ಕ್ಲಾಸು ಬೇಕಾಗಿಲ್ಲ, ಅದು ಅವಳಿಗೆ ತಾನಾಗಿ ಬರುತ್ತಿದೆ.

ಇನ್ನು ನಿದ್ದೆ. ಮುಕ್ಕಾಲು ಹನ್ನೆರಡರಿಂದ ಮುಕ್ಕಾಲು ಆರು, ಆರೇ ಗಂಟೆ. 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು ಎನ್ನುವುದು ವೈದ್ಯರ ಮಾತು. ನಾನು ಗ್ರೌಂಡಿನಲ್ಲಿ ನಿಂತು ನೋಡಿದ್ದೂ ಅದೇ. ನಿದ್ದೆಗೆಟ್ಟ ಮಗು ಮೊದಲು ಕಳೆದುಕೊಳ್ಳುವುದು ಓಟದ ವೇಗವನ್ನಲ್ಲ, ಗಮನವನ್ನು. ಗಣಿತಕ್ಕೆ ಬೇಕಾದದ್ದೂ ಅದೇ ತಾನೇ? ಕ್ಲಾಸಿನಿಂದ 8ಕ್ಕೆ ಹೊರಟವಳು ಮುಕ್ಕಾಲು ಹನ್ನೆರಡರ ತನಕ ಏನು ಮಾಡುತ್ತಾಳೆ, ಮೊಬೈಲು ಎಷ್ಟು ಹೊತ್ತು, ಹೋಮ್‌ವರ್ಕ್ ಎಷ್ಟು ಹೊತ್ತು, ಒಂದು ವಾರ ಸುಮ್ನೆ ನೋಡಿ. ಬೈಯಬೇಡಿ, ನೋಡಿ ಅಷ್ಟೇ.

ಈಗ ಶಾಲೆಯ ಕಡೆ ಬರುತ್ತೇನೆ. ಚಿಕ್ಕ ಶಾಲೆ ಹೀಗೇಕೆ ಮಾಡುತ್ತದೆ ಅಂತ ಗೊತ್ತಾದರೆ ಅವರ ಹತ್ತಿರ ಮಾತಾಡುವುದು ಸುಲಭ.

ಮುಂಬಯಿಯಲ್ಲಿ ಶಾಲೆಯ ಆಟ ಅಂದರೆ ಎಲ್ಲರಿಗೂ 1988ರ ಆಜಾದ್ ಮೈದಾನ ನೆನಪಾಗುತ್ತದೆ. ಶಾಲಾ ಕ್ರಿಕೆಟ್ಟಿನ ಹ್ಯಾರಿಸ್ ಶೀಲ್ಡ್, ತೆಂಡೂಲ್ಕರ್ ಮತ್ತು ಕಾಂಬ್ಳಿ ಸೇರಿ 664 ರನ್ನು. ಅಂಥ ಶಾಲೆಗಳ ಕಥೆ ಬೇರೆ. ನಮ್ಮ ಶಾಲೆಯ "ಮೈದಾನ" ನೀರಿನ ಟಾಂಕಿಗೂ ಗೇಟಿಗೂ ನಡುವಿನ ಜಾಗ. ಖೋ-ಖೋ ಕಂಬ ಅಂದರೆ ಎಣ್ಣೆ ಡಬ್ಬದಲ್ಲಿ ಸಿಮೆಂಟು ತುಂಬಿ ನಿಲ್ಲಿಸಿದ ಪೈಪು. ಹದಿನೈದು ಲೀಟರಿನ ಎರಡು ಡಬ್ಬ, ಅಡ್ಮಿಶನ್ನಿನ ದಿನ ಅದನ್ನೂ ಮೂಲೆಗೆ ಉರುಳಿಸಿಡಬೇಕು, ಪಾಲಕರ ಸ್ಕೂಟರ್ ನಿಲ್ಲಿಸಲು. ಇಂಥ ಶಾಲೆ ಕ್ರಿಕೆಟ್ ಬಿಟ್ಟು ಖೋ-ಖೋ, ಕಬಡ್ಡಿ ಹಿಡಿಯುವುದಕ್ಕೆ ಕಾರಣವೇ ಅದು. ಕಿಟ್ ಬೇಡ, ಪಿಚ್ ಬೇಡ. ಜನ ಮಾತ್ರ ಬೇಕು.

ಆ ಜನವೇ ಇರುವುದಿಲ್ಲ. ಅಂಕಣಕ್ಕೆ 9 ಮಂದಿ, ಮೇಲೆ ಬದಲಿಗೆ ಒಂದಿಷ್ಟು. ಎಂಟು ಮತ್ತು ಒಂಬತ್ತನೇ ಕ್ಲಾಸಿನ ಹುಡುಗಿಯರು ಸೇರಿ ಮೂವತ್ತು ಅಂದುಕೊಳ್ಳಿ. ಹತ್ತನೆಯವರನ್ನು ಮುಟ್ಟುವ ಹಾಗಿಲ್ಲ. ಮನೆಯಲ್ಲಿ ಬೇಡ ಅಂದವರು, ಮಧ್ಯಾಹ್ನ ತಮ್ಮನನ್ನು ನೋಡಿಕೊಳ್ಳಬೇಕಾದವರು, ದೂರದಿಂದ ಬರುವವರು, ಬಿಸಿಲು ಅಂದರೆ ಆಗದವರು ಎಲ್ಲ ಹೋದರೆ ಹನ್ನೆರಡು ಹದಿಮೂರು ಉಳಿಯುತ್ತದೆ. ಸೈನ್ಸ್ ಟೀಚರ್ ಪ್ರದರ್ಶನಕ್ಕೆ ಮಕ್ಕಳನ್ನು ಹುಡುಕುವಾಗಲೂ ಸಿಗುವುದು ಅದೇ ಹನ್ನೆರಡು. ಗ್ಯಾದರಿಂಗಿಗೂ ಅದೇ. ಪ್ರತಿಯೊಬ್ಬರೂ ಕೇಳುವುದು "ಒಂದೇ ಗಂಟೆ". ಒಬ್ಬರು ಕೇಳಿದ್ದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಕೂಡಿಸುವವರು ಯಾರೂ ಇಲ್ಲ, ಚಿಕ್ಕ ಶಾಲೆಯ ದೊಡ್ಡ ತೊಂದರೆ ಇದೇ. ಟೀಚರುಗಳು ಕೆಟ್ಟವರಲ್ಲ. ಅವರೂ ಎರಡು ಮೂರು ಕೆಲಸ ಒಟ್ಟಿಗೆ ಮಾಡುವವರೇ.

ನನ್ನದೇ ಒಂದು ತಪ್ಪು ಹೇಳುತ್ತೇನೆ. ನನ್ನ ಟೀಮಿನಲ್ಲಿ ಒಬ್ಬಳಿದ್ದಳು, ಒಂಬತ್ತನೇ ಕ್ಲಾಸು, ಬಹಳ ಚುರುಕು. ಒಂದು ಮ್ಯಾಚಿನಲ್ಲಿ ಸಾಲಿನಲ್ಲಿ ಕೂತಿದ್ದಾಳೆ, ಹಿಂದಿನಿಂದ ಬೆನ್ನು ಮುಟ್ಟಿ "ಖೋ" ಅಂದರೂ ಏಳಲಿಲ್ಲ. ಒಂದು ಕ್ಷಣ, ಎರಡು ಕ್ಷಣ. ಓಡುವವಳು ಆರಾಮಾಗಿ ದಾಟಿಹೋದಳು. ನಾನು ಬದಿಯಿಂದ ಕೂಗಿ ರಂಪ ಮಾಡಿದೆ. ಮ್ಯಾಚು ಸೋತೆವು. ಆಮೇಲೆ ನೀರು ಕೊಡುವಾಗ ನೋಡುತ್ತೇನೆ, ಅವಳ ಮೊಣಕೈಗೆ ಥರ್ಮೋಕೋಲಿನ ಬಿಳಿ ಚೂರು ಅಂಟಿದೆ, ಸುತ್ತ ಒಣಗಿದ ಫೆವಿಕಾಲ್. ರಾತ್ರಿ ಒಂದು ಗಂಟೆ ತನಕ ಸೈನ್ಸ್ ಪ್ರದರ್ಶನದ ಮಾಡೆಲ್ ಅಂಟಿಸಿದ್ದಳಂತೆ. ನನಗೂ ಹೇಳಿರಲಿಲ್ಲ, ಸೈನ್ಸ್ ಟೀಚರಿಗೂ ಹೇಳಿರಲಿಲ್ಲ. "ಇಬ್ಬರಿಗೂ ನಾನಿಲ್ಲದಿದ್ದರೆ ಆಗುವುದಿಲ್ಲ ಅಂದಿದ್ದಿರಲ್ಲ ಸರ್" ಅಂದಳು. ಮರುದಿನ ಸ್ಟಾಫ್‌ರೂಮಿನಲ್ಲಿ ಕೂತು ನನ್ನ ಪಟ್ಟಿ ಮತ್ತು ಆ ಟೀಚರ ಪಟ್ಟಿ ಪಕ್ಕಪಕ್ಕ ಇಟ್ಟೆವು. ಹನ್ನೆರಡರಲ್ಲಿ ಎಂಟು ಹೆಸರು ಒಂದೇ.

ಇನ್ನು ನಿಮ್ಮ ಅತ್ತೆಯವರ ಮಾತು. ಹಳೆಯ ಕಾಲದ ಭಯ ಅದು, ಪ್ರೀತಿಯಿಂದಲೇ ಹೇಳಿದ್ದು. ಆದರೆ ನಿಜವಲ್ಲ. ಓಡಿದರೆ, ಜಿಗಿದರೆ ಗರ್ಭಕೋಶಕ್ಕೆ ಏನೂ ಆಗುವುದಿಲ್ಲ. ಮುಟ್ಟಿನ ದಿನ ಹೊಟ್ಟೆನೋವಿದ್ದರೆ ಆಡುವುದು ಬೇಡ, ಇಲ್ಲದಿದ್ದರೆ ಆಡಬಹುದು. ಅದನ್ನು ಅವಳೇ ತೀರ್ಮಾನಿಸಲಿ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ-ಖೋ ವಿಶ್ವಕಪ್ ಆಯಿತಲ್ಲ, ಫೈನಲಿನಲ್ಲಿ ನೇಪಾಳವನ್ನು ಸೋಲಿಸಿದ ನಮ್ಮ ಹೆಣ್ಣುಮಕ್ಕಳ ಟೀಮಿಗೆ ನಾಯಕಿ ಮಹಾರಾಷ್ಟ್ರದ ಪ್ರಿಯಾಂಕಾ ಇಂಗಳೆ. ಅದೇ ಟೀಮಿನಲ್ಲಿ ಮೈಸೂರು ಜಿಲ್ಲೆಯ ಕುರುಬೂರಿನ ಚೈತ್ರಾ ಕೂಡ ಇದ್ದರು. ಅತ್ತೆಯವರಿಗೆ ಮೊಬೈಲಿನಲ್ಲಿ ಆ ಮ್ಯಾಚ್ ತೋರಿಸಿ. ವಾದ ಮಾಡುವುದಕ್ಕಿಂತ ಅದು ಒಳ್ಳೆಯದು. ಸಾಧ್ಯವಾದರೆ ಒಂದು ದಿನ ಪ್ರಾಕ್ಟೀಸಿಗೂ ಕರೆದುಕೊಂಡು ಹೋಗಿ. ನಮ್ಮ ಶಾಲೆಯಲ್ಲಿ ಹೀಗೆ ಬಂದ ಒಬ್ಬ ಅಜ್ಜಿ ಆಮೇಲೆ ಪ್ರತಿ ಮ್ಯಾಚಿಗೂ ಬಂದು ರೆಫರಿಗೇ ಬೈಯುತ್ತಿದ್ದರು, ಅದು ಬೇರೆ ವಿಷಯ.

ಆದರೆ ಸುಸ್ತು ಅಂದಳಲ್ಲ, ಅದನ್ನು ಹಗುರ ಮಾಡಬೇಡಿ. ನಾನು ಡಾಕ್ಟರಲ್ಲ. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಕಂಡುಬಂದಿತ್ತು. ನಿಮ್ಮ ಮಗಳು ಆ ವಯಸ್ಸಿನ ಹೊಸ್ತಿಲಲ್ಲಿದ್ದಾಳೆ. ಹಿಮೋಗ್ಲೋಬಿನ್ ಒಮ್ಮೆ ನೋಡಿಸಿ. 12ಕ್ಕಿಂತ ಕಡಿಮೆ ಇದ್ದರೆ ಡಾಕ್ಟರ ಹತ್ತಿರ ಹೋಗಿ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಕಬ್ಬಿಣದ ಮಾತ್ರೆಯನ್ನು ಮಕ್ಕಳು ಕಿಟಕಿಯಿಂದ ಹೊರಗೆ ಎಸೆಯುವುದನ್ನು ನಾನೇ ಕಂಡಿದ್ದೇನೆ, ಕೇಳಿ ನೋಡಿ. ಊಟದ ಜೊತೆಗೇ ಚಹಾ ಕುಡಿಯುವ ಅಭ್ಯಾಸ ಇದ್ದರೆ ಬಿಡಿಸಿ, ಊಟದಲ್ಲಿನ ಕಬ್ಬಿಣ ಸರಿಯಾಗಿ ಮೈಗೆ ಹಿಡಿಯುವುದಿಲ್ಲ. ಇನ್ನೊಂದು: ಡಬ್ಬಾ ಬಿಡುವಿನಲ್ಲೇ ಖಾಲಿಯಾಗಿದ್ದರೆ ಅವಳು ಎರಡೂವರೆ ತನಕ ಆಡುವುದು ಖಾಲಿ ಹೊಟ್ಟೆಯಲ್ಲಿ. ಎರಡನೇ ಚಿಕ್ಕ ಡಬ್ಬಾ ಕೊಡಿ. ಒಂದು ಬಾಳೆಹಣ್ಣು, ಒಂದು ಹಿಡಿ ಅವಲಕ್ಕಿ, ಇಲ್ಲವೇ ಎರಡು ಚಿಕ್ಕಿ. ಅರ್ಧ ಸುಸ್ತು ಅಲ್ಲೇ ಹೋದೀತು.

ಆಡಿದರೆ ಹತ್ತನೇ ಕ್ಲಾಸಿನಲ್ಲಿ ಮಾರ್ಕು ಸಿಗುತ್ತದೆ ಎಂಬ ಮಾತೂ ನಿಮ್ಮ ಕಿವಿಗೆ ಬಿದ್ದಿರಬಹುದು. ಅರ್ಧ ನಿಜ. ಸುಮ್ನೆ ಶಾಲೆಯ ಟೀಮಿನಲ್ಲಿದ್ದರೆ ಏನೂ ಸಿಗುವುದಿಲ್ಲ. ಜಿಲ್ಲೆ, ವಿಭಾಗ, ರಾಜ್ಯ ಅಂತ ಯಾವ ಮಟ್ಟಕ್ಕೆ ಹೋಗಿ ಏನು ಮಾಡಿದರು ಎನ್ನುವುದರ ಮೇಲೆ ಸರ್ಕಾರದ ಪಟ್ಟಿ ಇದೆ, ಆ ಸುತ್ತೋಲೆಯ ಈಗಿನ ಪ್ರತಿ ಶಾಲೆಯ ಆಫೀಸಿನಲ್ಲಿ ಕೇಳಿ. ನಿಜವಾಗಿ ಕೈಗೆ ಸಿಗುವಂಥದ್ದು ಡ್ರಾಯಿಂಗಿನಲ್ಲಿದೆ. ಮೊದಲ ಹಂತದ ಎಲಿಮೆಂಟರಿ ಡ್ರಾಯಿಂಗ್ ಪರೀಕ್ಷೆ ಆದಮೇಲೆ ಇಂಟರ್‌ಮೀಡಿಯೆಟ್ ಪಾಸಾದರೆ ಎ ಗ್ರೇಡಿಗೆ 7, ಬಿಗೆ 5, ಸಿಗೆ 3 ಮಾರ್ಕು ಹತ್ತನೆಯಲ್ಲಿ ಸೇರುತ್ತದೆ. ಪರ್ಸೆಂಟು ಲೆಕ್ಕ ಹಾಕುವುದು 500ಕ್ಕೆ, ಹಾಗಾಗಿ 7 ಅಂದರೆ ಸುಮಾರು ಒಂದೂವರೆ ಪರ್ಸೆಂಟು. ಕಡಿಮೆಯೇನಲ್ಲ. ಪರೀಕ್ಷೆಯೂ ಹತ್ತಿರ ಬಂತು. ಅದನ್ನು ಈಗ ಬಿಡಿಸಬೇಡಿ.

ಹಾಗಾದರೆ ಏನು ಮಾಡುವುದು?

ಎಲ್ಲ ಬಿಡಿಸುವುದು ಒಂದು ದಾರಿ. ತುಂಬಾ ಮನೆಗಳಲ್ಲಿ ಮಾಡುತ್ತಾರೆ. ಅದರಿಂದ ಉಳಿದ ಗಂಟೆ ಪುಸ್ತಕಕ್ಕೆ ಹೋಗುತ್ತದೆ ಅಂತ ನಂಬುತ್ತಾರೆ. ನಾನು ಕಂಡಂತೆ ಅದು ಮೊಬೈಲಿಗೆ ಹೋಗುತ್ತದೆ, ಇಲ್ಲವೇ ಮುಖ ಊದಿಸಿಕೊಂಡು ಕೂರುವುದಕ್ಕೆ. ಚಿಕ್ಕ ಶಾಲೆಯಲ್ಲಿ ಇನ್ನೊಂದು ಅಪಾಯವಿದೆ. ಅವಳ ಗೆಳತಿಯರೆಲ್ಲ ಆ ಟೀಮಿನಲ್ಲೇ ಇರುತ್ತಾರೆ. ಸೀಸನ್ ನಡುವೆ ಎಳೆದುಕೊಂಡರೆ ಟೀಮು ಮುರಿದವಳು ಅಂತ ಆಗುತ್ತದೆ, ಬೇರೆ ಡಿವಿಜನ್ ಕೂಡ ಇಲ್ಲ ಬದಲಾಯಿಸಲು. ದಿನಾ ಅದೇ ಮುಖ.

ಈ ವರ್ಷ ಎಲ್ಲ ನಡೆಯಲಿ, ಹತ್ತನೇ ಕ್ಲಾಸಿಗೆ ಬಂದಾಗ ಒಮ್ಮೆಲೇ ನಿಲ್ಲಿಸೋಣ ಎನ್ನುವುದು ಇನ್ನೊಂದು. ಕೇಳಲು ಚೆನ್ನಾಗಿದೆ. ಆದರೆ ಹತ್ತನೆಯ ಗಣಿತ ನಿಂತಿರುವುದೇ ಒಂಬತ್ತನೆಯದರ ಮೇಲೆ. ಆರು ಗಂಟೆ ನಿದ್ದೆಯಲ್ಲಿ ಇನ್ನೂ ಎಂಟು ತಿಂಗಳು ಎಳೆದರೆ ಅವಳು ಕಾಯಿಲೆ ಬೀಳಲೂಬಹುದು. ಮತ್ತೆ, ದಿನಾ ಓಡುತ್ತಿದ್ದ ಮೈಯನ್ನು ಒಮ್ಮೆಲೇ ಕುರ್ಚಿಗೆ ಕಟ್ಟಿಹಾಕಿದರೂ ಒಳ್ಳೆಯದಾಗುವುದಿಲ್ಲ.

ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ಅಡುಗೆಮನೆಯ ಗೋಡೆಯ ಮೇಲೆ ಕಾಲನಿರ್ಣಯ ಕ್ಯಾಲೆಂಡರ್ ಇರುತ್ತದಲ್ಲ, ಅದನ್ನು ಕೆಳಗಿಳಿಸಿ ಮಗಳ ಜೊತೆ ನೆಲದ ಮೇಲೆ ಕೂತು ಆಗಸ್ಟಿನಿಂದ ಏಪ್ರಿಲ್ ತನಕ ಗುರುತು ಹಾಕುತ್ತಿದ್ದೆ. ಡ್ರಾಯಿಂಗ್ ಪರೀಕ್ಷೆ, ದೀಪಾವಳಿಗೆ ಮುಂಚಿನ ಟರ್ಮ್ ಪರೀಕ್ಷೆ, ಖೋ-ಖೋ ಪಂದ್ಯಗಳು, ಸೈನ್ಸ್ ಪ್ರದರ್ಶನ, ಗ್ಯಾದರಿಂಗು. ಎಲ್ಲಿ ಮೂರು ಗುರುತು ಒಂದೇ ವಾರದಲ್ಲಿ ಬೀಳುತ್ತದೋ ಅಲ್ಲಿ ಒಂದನ್ನು ಬಿಡಬೇಕು. ಯಾವುದು ಅಂತ ಅವಳೇ ಹೇಳಲಿ. ಖೋ-ಖೋ ಪಂದ್ಯಗಳು ಮಳೆಗಾಲದಲ್ಲೇ ಶುರುವಾಗುತ್ತವೆ. ನಿಷ್ಠುರವಾಗಿ ಹೇಳುತ್ತೇನೆ, ನಮ್ಮಂಥ ಶಾಲೆಗಳ ಟೀಮು ಬಹಳ ಸಲ ಎರಡನೇ ಸುತ್ತಿನಲ್ಲೇ ಮನೆಗೆ ಬರುತ್ತದೆ. ಆಮೇಲೆ ಪ್ರಾಕ್ಟೀಸು ತಾನಾಗಿ ವಾರಕ್ಕೆ ಎರಡು ಮೂರು ದಿನಕ್ಕೆ ಇಳಿಯುತ್ತದೆ. ಹಾಗಾಗಿ ಈ ಸೀಸನ್ ಆಡಲಿ. ವಾರಕ್ಕೆ ಆರು ಗಂಟೆ ಆಟ 14 ವರ್ಷದವಳಿಗೆ ಜಾಸ್ತಿ ಅಲ್ಲವೇ ಅಲ್ಲ. ಈ ವಯಸ್ಸಿಗೆ ದಿನಕ್ಕೆ ಒಂದು ಗಂಟೆ ಮೈ ಬೆವರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಸೈನ್ಸ್ ಕ್ಲಬ್ಬಿನಲ್ಲಿ ಮಾಡೆಲಿನ ಮುಖ್ಯ ಜವಾಬ್ದಾರಿ ಬೇರೆಯವರಿಗೆ ಹೋಗಲಿ, ಇವಳು ಕೈ ಜೋಡಿಸಿದರೆ ಸಾಕು. ಗ್ಯಾದರಿಂಗಿನಲ್ಲಿ ಒಂದೇ ಐಟಂ. ಕ್ಲಾಸಸ್ ಗಣಿತ ಸೈನ್ಸಿಗೆ ಮಾತ್ರ, ವಾರಕ್ಕೆ ಮೂರು ದಿನ. ಹಾಗಾದರೆ ಒಂಬತ್ತು ಗಂಟೆ ಉಳಿಯಿತು, ಖೋ-ಖೋಗೆ ಹೋಗುವುದಕ್ಕಿಂತ ಜಾಸ್ತಿ. ರಾತ್ರಿ ಹತ್ತಕ್ಕೆ ದೀಪ ಆರಲಿ.

ಇದರಲ್ಲೂ ಅಪಾಯ ಇಲ್ಲದಿಲ್ಲ. ಸೈನ್ಸ್ ಟೀಚರಿಗೆ ಬೇಸರವಾಗಬಹುದು. ಕ್ಲಾಸಿನವರು ಪ್ಯಾಕೇಜ್ ಒಡೆಯಲು ಒಪ್ಪದೆ ಇರಬಹುದು, ಆಗ ಮುಂದಿನ ಕಂತಿನ ಹೊತ್ತಿಗೆ ಬೇರೆ ಕಡೆ ನೋಡಿ. ಆರು ವಾರದಲ್ಲಿ ಮಾರ್ಕು ಏರದೆಯೂ ಇರಬಹುದು. ಟರ್ಮ್ ಪರೀಕ್ಷೆ ತನಕ ತಡೆಯಿರಿ.

ಶಾಲೆಗೆ ಹೋಗಿ ಮಾತಾಡುವುದು ಹೇಗೆ? ಡೈರಿಯಲ್ಲಿ "ಇನ್ನು ಮುಂದೆ ಕಳಿಸುವುದಿಲ್ಲ" ಅಂತ ಬರೆದು ಕಳಿಸಬೇಡಿ, ಅದು ಜಗಳದ ಪತ್ರ. ಶನಿವಾರ ಹೋಗಿ ಕ್ಲಾಸ್ ಟೀಚರನ್ನೇ ನೋಡಿ. ಅವಳ ವಾರದ ಗಂಟೆಗಳನ್ನು ಒಂದು ಹಾಳೆಯಲ್ಲಿ ಬರೆದು ಮುಂದಿಡಿ. ದೂರಬೇಡಿ, ಹಾಳೆ ಇಡಿ ಅಷ್ಟೇ. ಎಲ್ಲರ "ಒಂದು ಗಂಟೆ"ಯೂ ಒಂದೇ ಕಡೆ ಬರೆದದ್ದನ್ನು ಅವರು ಬಹುಶಃ ಮೊದಲ ಸಲ ನೋಡುತ್ತಾರೆ. ಪಿ.ಟಿ. ಸರ್ ಹತ್ತಿರ ಮಾತ್ರ ಮಗಳೇ ಹೋಗಲಿ. "ಸರ್, ಈ ಸೀಸನ್ ಪೂರ್ತಿ ಆಡುತ್ತೇನೆ. ಮುಂದಿನ ವರ್ಷ ಟೀಮಿನಲ್ಲಿ ಇರುವುದಿಲ್ಲ. ಎಂಟನೇ ಕ್ಲಾಸಿನ ಇಬ್ಬರಿಗೆ ಈಗಿನಿಂದಲೇ ಕಲಿಸೋಣವಾ?" ಅಂತ ಕೇಳಲಿ. ಹೀಗೆ ಕೇಳಿದ ಹುಡುಗಿಗೆ ಇಲ್ಲ ಅನ್ನುವ ಮೇಷ್ಟ್ರನ್ನು ನಾನು ಕಂಡಿಲ್ಲ. ನಾನೂ ಅನ್ನಲಿಲ್ಲ.

ಹೊರಗಿನ ಪಂದ್ಯಕ್ಕೆ ಕರೆದುಕೊಂಡು ಹೋಗುವಾಗ ಜೊತೆಗೆ ಒಬ್ಬ ಟೀಚರಮ್ಮ ಇರುತ್ತಾರಾ, ಎಷ್ಟು ಗಂಟೆಗೆ ವಾಪಸ್ಸು, ಲೋಕಲ್‌ನಲ್ಲಾ ಬಸ್ಸಿನಲ್ಲಾ, ಇಷ್ಟು ಕೇಳುವ ಹಕ್ಕು ನಿಮಗಿದೆ. ಸಂಕೋಚ ಬೇಡ. ಮಂಡಿಚಿಪ್ಪಿನ ಕೆಳಗೆ ಗಂಟಿನ ಹಾಗೆ ಊದಿ ನೋಯುತ್ತಿದೆ ಅಂದರೆ ಆಡಿಸಬೇಡಿ, ಬೆಳೆಯುವ ಮಕ್ಕಳಲ್ಲಿ ಕೂತು ಎದ್ದು ಓಡುವ ಆಟದಿಂದ ಅದು ಬರುತ್ತದೆ. ಎಣ್ಣೆ ತಿಕ್ಕಿ ಮತ್ತೆ ಕಳಿಸುವುದಲ್ಲ, ಡಾಕ್ಟರಿಗೆ ತೋರಿಸಿ.

ಹತ್ತನೇ ಕ್ಲಾಸಿನಲ್ಲಿ ಪಂದ್ಯ ಬೇಡ. ಆದರೆ ವಾರಕ್ಕೆ ಮೂರು ಸಂಜೆ ಸೊಸೈಟಿಯ ಕೆಳಗೆ ಅರ್ಧ ಗಂಟೆ ಬ್ಯಾಡ್ಮಿಂಟನ್ನೋ ಹಗ್ಗದಾಟವೋ ಇರಲಿ, ಜನವರಿಯ ಪ್ರಿಲಿಮ್ಸ್ ನಡುವೆಯೂ.

ಶೂ ವಿಷಯ ಮರೆತಿದ್ದೆ. 3,500 ಬೇಡ. ಮಣ್ಣಿನ ಅಂಕಣದಲ್ಲಿ ಅರ್ಧ ಮಕ್ಕಳು ಬರಿಗಾಲಲ್ಲೇ ಆಡುತ್ತಾರೆ. ಹಿಡಿತ ಇರುವ ಸಾದಾ ಕ್ಯಾನ್ವಾಸ್ ಶೂ ಸಾಕು. ಸಂಜೆ ಹೊತ್ತು ಅಂಗಡಿಗೆ ಕರೆದುಕೊಂಡು ಹೋಗಿ, ಆಗ ಕಾಲು ಸ್ವಲ್ಪ ಊದಿರುತ್ತದೆ, ಅಳತೆ ಸರಿ ಬರುತ್ತದೆ. ಮುಂದೆ ಅರ್ಧ ಹೆಬ್ಬೆರಳಿನಷ್ಟು ಜಾಗ ಇರಲಿ. ಈಗ ಮಳೆ. ಒದ್ದೆಯಾಗಿ ಬಂದರೆ ಒಳಗೆ ಹಳೆ ಪೇಪರು ಉಂಡೆ ಮಾಡಿ ತುರುಕಿ ಫ್ಯಾನಿನ ಕೆಳಗಿಡಿ, ಗ್ಯಾಸ್ ಒಲೆಯ ಪಕ್ಕ ಇಡಬೇಡಿ, ಅಂಟು ಬಿಟ್ಟುಹೋಗುತ್ತದೆ.